ತೊಡೆಸಂದಿನ ಹರ್ನಿಯಾ: ಸ್ಕ್ಯಾನಿಂಗ್ ಯಾರಿಗೆ ಬೇಕು?

ಹರ್ನಿಯಾ ಎಂಬ ಹೆಸರು ಕೇಳದ ಬೆಳೆಗಾರರ ಮನೆ ಅಪರೂಪ. ಹೊಟ್ಟೆಯ ಗೋಡೆ ದುರ್ಬಲವಾದಲ್ಲಿ ಕರುಳೋ ಕೊಬ್ಬೋ ತೊಡೆಸಂದಿಗೆ ನುಸುಳಿ ಉಬ್ಬುವುದೇ ಈ ಕಾಯಿಲೆ. ಗಂಡಸರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಇದು ಬರುತ್ತದೆಂದು ವೈದ್ಯಶಾಸ್ತ್ರದ ಲೆಕ್ಕ. ಆದರೂ ಅಡಿಕೆ ಕೊಯ್ಲು ಮುಗಿಯಲಿ, ಕಾಫಿ ಒಣಗಲಿ ಎಂದು ಲಂಗೋಟಿ ಬಿಗಿದು ದಿನ ದೂಡುವವರೇ ನಮ್ಮಲ್ಲಿ ಹೆಚ್ಚು.

ಇದೀಗ ಇನ್ನೊಂದು ರೂಢಿ ಸೇರಿಕೊಂಡಿದೆ. ಊರಿನಿಂದ ಬಲ್ಮಠಕ್ಕೆ ಬಸ್ಸಿಳಿದವರು ಸರ್ಜನರನ್ನು ಕಾಣುವ ಮೊದಲೇ ಸ್ಕ್ಯಾನಿಂಗ್ ಮಾಡಿಸಿಕೊಳ್ಳುತ್ತಾರೆ. ಇದು ಅನಾವಶ್ಯಕ ಖರ್ಚು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಿಂತು ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಸರಿಯುವ ಬಾವನ್ನು ಗುರುತಿಸಲು ಅನುಭವಿ ವೈದ್ಯರ ಕಣ್ಣು, ಕೈಗಳೇ ಸಾಕು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಹಾಗೆಂದು ಸ್ಕ್ಯಾನಿಂಗೇ ಬೇಡವೆಂದಲ್ಲ. ನೋವಿದ್ದೂ ಬಾವು ಕಾಣದವರಿಗೆ, ಒಮ್ಮೆ ಆಪರೇಷನ್ ಆದ ಜಾಗದಲ್ಲಿ ಮತ್ತೆ ತೊಂದರೆ ಬಂದವರಿಗೆ, ಮುಖ್ಯವಾಗಿ ಹೆಂಗಸರಿಗೆ ಅದು ಬಹಳ ಉಪಕಾರಿ. ಹೆಂಗಸರಲ್ಲಿ ತೊಡೆಯ ರಕ್ತನಾಳದ ಪಕ್ಕದ ಇಕ್ಕಟ್ಟಿನ ದಾರಿಯಲ್ಲಿ ಹರ್ನಿಯಾ ಇಳಿಯುವುದುಂಟು. ಅದು ಸಣ್ಣದು, ಕೈಗೆ ಸುಲಭವಾಗಿ ಸಿಗದು. ಆದರೆ ಕರುಳು ಸಿಕ್ಕಿಕೊಳ್ಳುವ ಭಯ ಅದರಲ್ಲೇ ಹೆಚ್ಚು. ನಮ್ಮ ಸದಸ್ಯರೊಬ್ಬರ ಪತ್ನಿಗೆ ಇದೇ ಆಯಿತು. ಬರೀ ಗಡ್ಡೆಯೆಂದು ತಿಂಗಳುಗಟ್ಟಲೆ ಲೇಪ ಹಚ್ಚಿದರು. ಒಂದು ರಾತ್ರಿ ವಾಂತಿ ಹಿಡಿದು, ಕೊನೆಗೆ ಕರುಳಿನ ತುಂಡನ್ನೇ ಕತ್ತರಿಸಿ ತೆಗೆಯಬೇಕಾಯಿತು. ಆ ತಾಯಿ ಬದುಕಿದ್ದು ನಮ್ಮ ಪುಣ್ಯ.

ಇದರಲ್ಲಿ ಬಳಸುವುದು ಶಬ್ದದ ಅಲೆಗಳನ್ನು. ಎಕ್ಸ್-ರೇ ಕಿರಣಗಳ ಭಯವಿಲ್ಲ. ಆದರೆ ಬರೀ ಮಲಗಿಸಿ ನೋಡಿದರೆ ಒಳಸರಿದ ಹರ್ನಿಯಾ ತಪ್ಪಿಹೋದೀತು. ನಿಲ್ಲಿಸಿ, ಕೆಮ್ಮಿಸಿ ನೋಡುವಂತೆ ಸಂಕೋಚವಿಲ್ಲದೆ ಕೇಳಿಕೊಳ್ಳಿ. "ಏನೂ ಇಲ್ಲ" ಎಂಬ ವರದಿ ಬಂದ ಮೇಲೂ ನೋವು ನಿಲ್ಲದಿದ್ದರೆ ಪುನಃ ವೈದ್ಯರನ್ನು ಕಾಣಿರಿ. ಹಾಗೆಯೇ, ಯಾವ ತೊಂದರೆಯೂ ಇಲ್ಲದವರ ವರದಿಯಲ್ಲಿ ಸಣ್ಣ ಉಬ್ಬು ಕಂಡಮಾತ್ರಕ್ಕೆ ಆಪರೇಷನ್‌ಗೆ ಅವಸರಿಸಬೇಕಾಗಿಲ್ಲ.

ಕೊಯ್ಲು ಮುಗಿಯಲಿ ಎನ್ನುವ ಗಂಡಸರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಅಮೆರಿಕದಲ್ಲಿ 720 ಗಂಡಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹೆಚ್ಚು ನೋವಿಲ್ಲದೆ ಕಾದವರಲ್ಲಿ ಕರುಳು ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ ಹತ್ತು ವರ್ಷಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಆಪರೇಷನ್‌ಗೆ ಬಂದೇ ಬಂದರು. ಆದ್ದರಿಂದ ಕಾಯುವುದಾದರೆ ವೈದ್ಯರನ್ನು ಕೇಳಿ ಕಾಯಿರಿ. ಹೆಂಗಸರು ಮಾತ್ರ ಕಾಯಲೇಬಾರದು. ಬಾವು ಗಟ್ಟಿಯಾಗಿ ಒಳಹೋಗದೆ, ನೋವು ವಾಂತಿಗಳು ಬಂದರೆ ಸ್ಕ್ಯಾನಿಂಗ್ ಕೇಂದ್ರ ಹುಡುಕದೆ ನೇರವಾಗಿ ದೊಡ್ಡಾಸ್ಪತ್ರೆಗೆ ಧಾವಿಸಬೇಕು.

ಕೊನೆಯದಾಗಿ ಒಂದು ಮಾತು. ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ, 2022-23ರಲ್ಲಿ ಮರಳಿ ಬಂದಿದೆ. ನಾವು ನೋಂದಣಿ ಮಾಡಿಸಿಕೊಳ್ಳುತ್ತೇವೆ. ನಮ್ಮ ಮರ ಏರುವವನು, ಗೋಣಿ ಹೊರುವವನು ಹೊರಗೇ ಉಳಿಯುತ್ತಾನೆ. ಭಾರ ಹೊರುವುದು ಅವನು. ಅವನನ್ನೂ ಅವನ ಮನೆಯಾಕೆಯನ್ನೂ ಸಹಕಾರಿ ಸದಸ್ಯತ್ವದೊಳಗೆ ತರುವ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಚರ್ಚಿಸಬೇಕೆಂದು ನಮ್ಮ ವಿನಂತಿ.