ಗೇಟಿಗೆ ಬೋರ್ಡ್ ಬೀಳೋ ಮುಂಚೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಹುಡುಕೋಕೆ ಹೊರಟರೆ ಎಲ್ಲರೂ ಕೊಡೋ ಸಲಹೆ ಒಂದೇ, "ಗೇಟಿಗೆ ಬೋರ್ಡ್ ಬೀಳೋ ಮುಂಚೆ ಹಿಡೀಬೇಕು ನೋಡಿ". ಬೋರ್ಡ್ ಬಿತ್ತು ಅಂದ್ರೆ ಬ್ರೋಕರ್‌ಗಳು ಮುತ್ತಿಕೊಳ್ತಾರೆ, ರೇಟು ಏರುತ್ತೆ, ಕಮಿಷನ್ ಬೇರೆ. ಅದಕ್ಕೇ ನಾನೂ ಹನುಮಂತನಗರ, ಶ್ರೀನಗರದ ಕಡೆ ಇಸ್ತ್ರಿಯವರು, ಹಾಲಿನವರು, ದಿನಸಿ ಅಂಗಡಿಯವರು ಎಲ್ಲರಿಗೂ ಹೇಳಿಟ್ಟಿದ್ದೆ. ಯಾವ ವೆಬ್‌ಸೈಟಿಗಿಂತಲೂ ಇವರ ಸುದ್ದಿ ಮುಂದು ಬಿಡಿ.

ಸುದ್ದಿ ತಂದವರು ಇಸ್ತ್ರಿಯವರೇ. 30-40ರ ಸೈಟಿನಲ್ಲಿ ಹಳೇ ಮನೆ, ಯಜಮಾನರ ವೈಕುಂಠ ಸಮಾರಾಧನೆ ಮುಗಿದು ತಿಂಗಳಾಗಿಲ್ಲ, ವಿದೇಶದಿಂದ ಬಂದ ಮಗ ಬೇಗ ಮಾರಿ ಹೋಗಬೇಕಂತೆ. ಹೋಗಿ ನೋಡಿದ್ವಿ. ಬಾವಿ, ಪಾರಿಜಾತ, ರೆಡ್ ಆಕ್ಸೈಡ್ ನೆಲ... ನನ್ನ ಹೆಂಡತಿ ಆಗಲೇ ಮನಸ್ಸಿನಲ್ಲಿ ತುಳಸಿಕಟ್ಟೆ ಇಟ್ಟಾಗಿತ್ತು. ರೇಟೂ ಕಡಿಮೆ. "ಬೋರ್ಡ್ ಗೀರ್ಡ್ ಬೇಡ ಸಾರ್, ನಮ್ಮಲ್ಲೇ ಮುಗಿಸಿಬಿಡೋಣ" ಅಂದರು ಮಗ.

ಗೋಡೆ ಮೇಲೆ ಒಂದು ಮದುವೆ ಫೋಟೋ. ಯಾರು ಅಂತ ಕೇಳಿದೆ. "ತಂಗಿ. ಮದುವೇಲೇ ಎಲ್ಲಾ ಕೊಟ್ಟಾಗಿದೆ."

30 ವರ್ಷದ ಇ.ಸಿ. ತೆಗೆಸಿದರೆ ಒಂದು ಕಲೆಯಿಲ್ಲ. ಆದರೆ ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ಪತ್ರಗಳು ಮಾತ್ರ, ಮಗಳು ಕಾಣಲ್ಲ. ಅವಳು ಕಾಣೋದು ವಂಶವೃಕ್ಷದಲ್ಲಿ. ಖಾತೆ ಮಗನ ಹೆಸರಿಗೆ ಮಾಡಿಸಿಕೊಂಡರೂ ಅಷ್ಟೇ, ಖಾತೆ ಅಂದ್ರೆ ಒಡೆತನ ಅಲ್ಲ. ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತದ ಮಾತು. ಅಪ್ಪ ತಾನೇ ದುಡಿದು ಕಟ್ಟಿದ ಮನೆ, ವಿಲ್ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೂ ಮಗನಷ್ಟೇ ಪಾಲು.

ಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದ್ದು ಆಗ. ಬೋರ್ಡ್ ಬರೀ ಜಾಹೀರಾತಲ್ಲ, ಅತ್ತ ಹಾದುಹೋಗೋ ಸೋದರತ್ತೆಯೋ ಪಕ್ಕದ ಮನೆಯವರೋ ನೋಡಿ, ಮಗಳಿಗೆ ಒಂದು ಫೋನ್ ಮಾಡೋಕೆ ಇರೋ ದಾರಿ. ಅದಿಲ್ಲದ ಮನೆ ಅಗ್ಗವಾಗಿ ಸಿಗುತ್ತೆ ಅಂದ್ರೆ, ಎಷ್ಟೋ ಸಲ ಆ ವ್ಯತ್ಯಾಸ ಹೋಗೋದು ಗೊತ್ತಿಲ್ಲದವರ ಜೇಬಿಂದ. ಗುಟ್ಟಾಗಿ ಸಿಕ್ಕ ಮನೆ ಕೊಳ್ಳಬಾರದು ಅಂತಲ್ಲ. ಕೊಳ್ಳೋವಾಗ ಗುಟ್ಟನ್ನು ನಾವೇ ಒಡೆಯಬೇಕು, ವಕೀಲರ ಕೈಲಿ ಪತ್ರಿಕೇಲಿ ತಕರಾರು ಕೇಳಿ ಪ್ರಕಟಣೆ ಕೊಡಿಸಬೇಕು, ತಂಗಿ ಕ್ರಯಪತ್ರಕ್ಕೆ ಬಂದು ಸಹಿ ಹಾಕಬೇಕು. ಇಲ್ಲಾಂದ್ರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು.

ಇಷ್ಟೇ ಕೇಳಿದ್ದು ನಾನು. "ನಿಮಗೆ ನಂಬಿಕೆ ಇಲ್ಲ ಅಂದ್ರೆ ಬಿಡಿ" ಅಂದರು. ಬಿಟ್ವಿ. ಮನೆ ಬೇರೆಯವರ ಪಾಲಾಯ್ತು.

ವಾಪಸ್ ಬರ್ತಾ ನನ್ನ ಹೆಂಡತಿ ಕೇಳಿದಳು, "ನಿಮ್ಮೂರ ಮನೆ ಮಾರಿದಾಗ ಅಕ್ಕನ ಸಹಿ ಹಾಕಿಸಿದ್ರಲ್ಲ, ಅವರು ಓದಿ ಹಾಕಿದ್ರಾ?"

ಸೀರೆ, ಅರಿಶಿನ ಕುಂಕುಮ ಕೊಟ್ಟು "ಇಲ್ಲೊಂದು ಸಹಿ ಹಾಕಕ್ಕ" ಅಂದಿದ್ದು ನಾನೇ. ಈ ಭಾನುವಾರ ಅಕ್ಕನ ಮನೆಗೆ ಹೊರಟಿದ್ದೀನಿ, ಆ ಪತ್ರದ ನಕಲು ತಗೊಂಡು.