ಇಪ್ಪತ್ತು ಮಂದಿಗೆ ಒಂದೇ ಕಾವಲಿ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊನೆಯ ಪತ್ರಿಕೆ ಬರೆದು ಬಂದ ಮಗ ಚಪ್ಪಲಿ ಬಿಡುತ್ತಲೇ, ‘ಅಮ್ಮಾ, ಭಾನುವಾರ ಸಂಜೆ ಕ್ಲಾಸಿನವರೆಲ್ಲ ಬರ್ತಾರೆ, ಹಿತ್ತಲಲ್ಲೇ ದೋಸೆ ಮಾಡೋಣ’ ಎನ್ನುತ್ತಾನೆ. ಎಷ್ಟು ಮಂದಿಯೋ ಎಂದರೆ ಇಪ್ಪತ್ತು. ಅಮ್ಮ ಹೂಂಗುಟ್ಟುತ್ತಾಳೆ. ಭಾನುವಾರ ರಾತ್ರಿ ಹತ್ತಾದರೂ ಅವಳು ಒಲೆಯ ಮುಂದಿನಿಂದ ಎದ್ದಿರುವುದಿಲ್ಲ. ಹುಡುಗರು ಅರೆಹೊಟ್ಟೆಯಲ್ಲಿ ಅಂತ್ಯಾಕ್ಷರಿ ಆಡುತ್ತಿರುತ್ತಾರೆ. ಎಡವಿದ್ದು ಲೆಕ್ಕದಲ್ಲಿ.

ಅದೂ ನಾಲ್ಕನೇ ತರಗತಿಯ ಲೆಕ್ಕ. ತಲೆಗೆ 3ರಂತೆ 20 ಮಂದಿಗೆ 60 ದೋಸೆ. ಮನೆಯ ಕಾವಲಿಯಲ್ಲಿ ಒಂದು ಸಲಕ್ಕೆ ಒಂದೇ. ಒಂದಕ್ಕೆ 3 ನಿಮಿಷವೆಂದರೂ 3 ಗಂಟೆ ಬೇಕು. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿಂದ ಎರಡಡಿ ಅಗಲದ ಕಬ್ಬಿಣದ ಕಾವಲಿ ತಂದರೆ ಒಟ್ಟಿಗೆ 4 ಸಣ್ಣ ದೋಸೆ ಹೊಯ್ಯಬಹುದು. ಸುತ್ತಿಗೆ 4 ನಿಮಿಷದಂತೆ 15 ಸುತ್ತು, ಒಂದೇ ಗಂಟೆ. ಪೇಪರ್ ದೋಸೆಯ ಆಸೆ ಮಾತ್ರ ಆ ದಿನ ಬಿಡಬೇಕು. ಒಂದೂವರೆ ಕಿಲೋ ಅಕ್ಕಿಗೆ ಸುಮಾರು 400 ಗ್ರಾಂ ಉದ್ದು, ಒಂದು ಹಿಡಿ ಅವಲಕ್ಕಿ, ಎರಡು ಚಮಚ ಮೆಂತ್ಯ ಸಾಕು. ರುಬ್ಬಿದ ಹಿಟ್ಟು ಪಾತ್ರೆಯ ಅರ್ಧಕ್ಕಿಂತ ಮೇಲೆ ಬರಬಾರದು. ಉದ್ದಿನಲ್ಲಿರುವ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಇಂಗಾಲದ ಡೈಆಕ್ಸೈಡ್ ಹೊರಬಿಡುವುದರಿಂದ ಹಿಟ್ಟು ಉಬ್ಬುತ್ತದೆ. ಏಪ್ರಿಲ್ ಸೆಕೆಯಲ್ಲಂತೂ ಉಕ್ಕಿ ನೆಲಕ್ಕಿಳಿಯುವುದೂ ಉಂಟು.

ಬಾಡಿಗೆ ಕಾವಲಿಯನ್ನು ಹಿಂದಿನ ದಿನವೇ ತರುವುದು ಲೇಸು. ತುಕ್ಕು ಹಿಡಿದಿದ್ದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಚೆನ್ನಾಗಿ ಕಾಯಿಸಬೇಕು. ಹೀಗೆ ನಾಲ್ಕಾರು ಸಲ ಮಾಡಿದರೆ ಎಣ್ಣೆ ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಪಳಗಿದ ಕಾವಲಿ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ಇದನ್ನೇ.

ಕಾವು ತಿಳಿಯಲು ಹುಡುಗರಿಗೆ ಒಳ್ಳೆಯ ಪ್ರಯೋಗವೊಂದಿದೆ. ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಎಂದು ಕ್ಷಣದಲ್ಲಿ ಆರಿದರೆ ಹಿಟ್ಟು ಹೊಯ್ಯಬಹುದು. ಹನಿಗಳು ಆರದೆ ಮುತ್ತಿನಂತೆ ಉರುಳಾಡಿದರೆ ಕಾವು ವಿಪರೀತವಾಗಿದೆ. ಹನಿಯ ಅಡಿಯಲ್ಲಿ ಹುಟ್ಟಿದ ಆವಿಯೇ ಅದನ್ನು ಎತ್ತಿ ಹಿಡಿದಿರುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿದ. ಅಂಥ ಕಾವಲಿಯಲ್ಲಿ ಹಿಟ್ಟು ಹರಡದೆ ಸೌಟಿಗೇ ಅಂಟಿಕೊಂಡು ಎದ್ದು ಬರುತ್ತದೆ. ಸೌದೆ ಹಿಂದೆಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರಿದರೆ ಹದಕ್ಕೆ ಬರುತ್ತದೆ. ಅಷ್ಟಾಗಿಯೂ ಮೊದಲ ದೋಸೆ ಹರಿದರೆ ಬೇಸರ ಬೇಡ. ಅದು ಕಾಗೆಗೆ.

ತಾಯ್ತಂದೆಯರು ಮುಖ್ಯವಾಗಿ ನೋಡಬೇಕಾದ್ದು ಒಲೆಯನ್ನು. ಮಕ್ಕಳು ಎಡತಾಕುವ ದಾರಿಯಿಂದ ದೂರ, ಮಟ್ಟಸವಾದ ನೆಲದಲ್ಲಿ ಇಟ್ಟಿಗೆ ಜೋಡಿಸಿ ಕಾವಲಿ ಅಲುಗದಂತೆ ಕೂರಿಸಬೇಕು. ತೆಂಗಿನ ಸಿಪ್ಪೆಯಿಂದಲೇ ಬೆಂಕಿ ಹತ್ತುತ್ತದೆ. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿಯುವ ಸಾಹಸ ಯಾರಿಗೂ ಬೇಡ. ಹತ್ತಿರ ನಿಲ್ಲುವವರಿಗೆ ಹತ್ತಿಬಟ್ಟೆ. ಜೋತುಬೀಳುವ ದುಪಟ್ಟಾ ಸೊಂಟಕ್ಕೆ ಬಿಗಿಯಬೇಕು. ಎರಡು ಬಕೆಟ್ ನೀರು ಪಕ್ಕದಲ್ಲೇ ಇರಲಿ. ಕೈ ಸುಟ್ಟರೆ ಶಾಯಿ, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಕೂಡದು. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು, ಗಾಯ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಒಲೆಯ ಮುಂದೆ ಕೂರುವವರು ಯಾರು? ಹದಿನೈದು ತುಂಬಿದವರಿಗೆ ದೋಸೆ ಮಗುಚಲು ಬಾರದೆಂಬುದು ಮುದ್ದಿನ ಮಾತು. ಹೊಯ್ಯುವವನೊಬ್ಬ, ಮಗುಚುವವಳೊಬ್ಬಳು, ಉರಿ ನೋಡುವವನೊಬ್ಬ. ಮೂರು ಸುತ್ತಿಗೊಮ್ಮೆ ತಂಡ ಬದಲಾದರೆ 15 ಸುತ್ತಿಗೆ ಐದು ತಂಡ. ಪಕ್ಕದಲ್ಲಿ ಹಿರಿಯರೊಬ್ಬರು ಕುರ್ಚಿ ಹಾಕಿಕೊಂಡು ಕಣ್ಣಿಟ್ಟರಾಯಿತು. ಆ ಹಿರಿಯರು ಅಪ್ಪನೂ ಆಗಬಹುದು. ಎರಡನೇ ಸುತ್ತಿನ ಬಿಸಿ ದೋಸೆ ಅಮ್ಮನ ಎಲೆಗೆ ಬೀಳಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕೊನೆಗೆ ನೋಡೋಣವೆಂದರೆ ಹಿಟ್ಟು ಉಳಿದಿರುವುದಿಲ್ಲ.

ಕಾದ ಕಾವಲಿಗೆ ತಣ್ಣೀರು ಸುರಿದರೆ ಸೀಳು ಬಿಡಬಹುದು. ಕೆಂಡವನ್ನಷ್ಟೇ ಆರಿಸಿ, ಬೆಳಿಗ್ಗೆ ಕಾವಲಿ ಒರೆಸಿ ಎಣ್ಣೆ ಸವರಿ ಅಂಗಡಿಗೆ ಹೊರುವುದು ಮಗನ ಪಾಲಿನ ಕೆಲಸ.