ಬೆಂಗಳೂರಿನಿಂದ ಲಂಡನ್‌ಗೆ ಸ್ವಂತ ಸ್ಪೋರ್ಟ್ಸ್ ಕಾರಿನಲ್ಲಿ: ಪಾಸ್‌ಪೋರ್ಟ್, ವೀಸಾ ಇದ್ದರೆ ಸಾಕೇ?

ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು, ಹಿಂದೆ ಹಿಮ ಮುಚ್ಚಿದ ಬೆಟ್ಟ, ಮೇಲೊಂದು ದಪ್ಪಕ್ಷರದ ಸಾಲು: ‘ವಿಮಾನ ಯಾಕೆ? ಪಾಸ್‌ಪೋರ್ಟ್, ವೀಸಾ ಇದ್ದರೆ ನಿಮ್ಮದೇ ಕಾರಿನಲ್ಲಿ ಲಂಡನ್‌ಗೆ ಹೋಗಿ.’ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಕೆಲವಕ್ಕೆ ಲಂಡನ್–ಕಲ್ಕತ್ತಾ ಬಸ್ಸಿನ ಹಳೆಯ ಕಪ್ಪುಬಿಳುಪು ಫೋಟೊ ಬೇರೆ ಅಂಟಿಕೊಂಡಿರುತ್ತದೆ. ಅದನ್ನು ನೋಡಿ ‘ಆಗಲೇ ಬಸ್ಸು ಓಡಿತ್ತು, ಈಗ ಕಾರು ಹೋಗೋದೇನು ಮಹಾ’ ಎಂದುಕೊಳ್ಳುವುದು ಸಹಜ.

ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ನೋಡೋಣ.

ಚಿಕ್ಕ ಉತ್ತರ

ಸ್ವಂತ ಕಾರಿನಲ್ಲಿ ಭಾರತದಿಂದ ಯುರೋಪಿಗೆ ಹೋಗಿಬಂದವರು ಇದ್ದಾರೆ. ಅಷ್ಟರಮಟ್ಟಿಗೆ ಸಂದೇಶ ನಿಜ. ಆದರೆ ‘ಪಾಸ್‌ಪೋರ್ಟ್, ವೀಸಾ ಇದ್ದರೆ ಸಾಕು’ ಎಂಬುದು ತಪ್ಪು. ಗಡಿ ದಾಟುವಾಗ ಅಲ್ಲಿರುವುದು ಒಬ್ಬ ಪ್ರಯಾಣಿಕನಲ್ಲ, ಇಬ್ಬರು: ನೀವು ಮತ್ತು ನಿಮ್ಮ ಕಾರು. ವೀಸಾ ನಿಮಗೆ ಮಾತ್ರ. ಕಾರಿಗೆ ಅದರದ್ದೇ ಆದ ಕಾಗದಗಳು ಬೇಕು. ಅವುಗಳ ಹಿಂದೆ ದೊಡ್ಡ ಮೊತ್ತದ ಹಣವೂ ನಿಂತಿರುತ್ತದೆ.

ಹಳೆಯ ಬಸ್ಸಿನ ಫೋಟೊ

ಬಸ್ಸಿನ ಕಥೆ ನಿಜವೇ. ‘ಇಂಡಿಯಾಮನ್’ ಎಂಬ ಹೆಸರಿನ ಬಸ್ಸು 1957ರ ಏಪ್ರಿಲ್ 15ರಂದು ಲಂಡನ್ ಬಿಟ್ಟು ಜೂನ್ 5ರಂದು ಕಲ್ಕತ್ತಾ ತಲುಪಿತ್ತು. ಟಿಕೆಟ್ ದರ 85 ಪೌಂಡ್. ಟರ್ಕಿ, ಇರಾನ್, ಪಾಕಿಸ್ತಾನಗಳ ಮೂಲಕ ಬರುವ ನೆಲದ ದಾರಿ ಆಗ ತೆರೆದಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಅಲ್ಲಿಗೆ ಆ ಕಾಲ ಮುಗಿಯಿತು.

ಇನ್ನೊಂದು ಸಂಗತಿಯನ್ನು ಫಾರ್ವರ್ಡುಗಳು ಹೇಳುವುದಿಲ್ಲ. 1968ರಲ್ಲಿ ಲಂಡನ್–ಸಿಡ್ನಿ ಮ್ಯಾರಥಾನ್ ಎಂಬ ಕಾರು ಸ್ಪರ್ಧೆ ನಡೆಯಿತು. ಪೋರ್ಷೆ 911, ಎಂಜಿಬಿಯಂಥ ಸ್ಪೋರ್ಟ್ಸ್ ಕಾರುಗಳೂ ಅದರಲ್ಲಿದ್ದವು. ಕಾರುಗಳು ದಿಲ್ಲಿಯ ಮೂಲಕ ಬೊಂಬಾಯಿ ತನಕ ಓಡಿಬಂದವು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದದ್ದು ಹಡಗಿನಲ್ಲಿ. ಗೆದ್ದದ್ದು ಯಾವುದೋ ಸ್ಪೋರ್ಟ್ಸ್ ಕಾರಲ್ಲ, ಹಿಲ್ಮನ್ ಹಂಟರ್ ಎಂಬ ಸಾಧಾರಣ ಸಂಸಾರಸ್ಥರ ಕಾರು. ಈ ಮಾತು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಕಸ್ಟಮ್ಸ್ ಕಣ್ಣಿಗೆ ಕಾರು ಎಂದರೆ ಸರಕು

ಹೊರದೇಶದ ಕಾರು ಒಳಗೆ ಬಂದರೆ ಅದಕ್ಕೆ ಆಮದು ಸುಂಕ ಕಟ್ಟಬೇಕು. ಭಾರತದಲ್ಲೇ ನೋಡಿ, ಆಮದಾದ ಐಷಾರಾಮಿ ಕಾರಿನ ಬೆಲೆ ತೆರಿಗೆಗಳೆಲ್ಲ ಸೇರಿ ಹೆಚ್ಚುಕಡಿಮೆ ದುಪ್ಪಟ್ಟಾಗುವುದುಂಟು. ‘ಪ್ರವಾಸಕ್ಕೆ ಬಂದಿದ್ದೇನೆ’ ಎಂದು ಹೇಳಿ ಗಾಡಿ ಒಳಗೆ ತಂದು ಸುಂಕ ಕಟ್ಟದೆ ಮಾರಿಬಿಟ್ಟರೆ? ಪ್ರತಿ ಗಡಿಯಲ್ಲೂ ಅಧಿಕಾರಿಯ ತಲೆಯಲ್ಲಿರುವ ಪ್ರಶ್ನೆ ಇದೇ: ಈ ಕಾರು ವಾಪಸ್ ಹೋಗುತ್ತದೆ ಎಂಬುದಕ್ಕೆ ಖಾತರಿ ಏನು?

ಆ ಖಾತರಿಗೆ ಒಂದು ಪುಸ್ತಕವಿದೆ. ಹೆಸರು ‘ಕಾರ್ನೆ ದ ಪಸಾಜ್’. ಎಲ್ಲರೂ ಚಿಕ್ಕದಾಗಿ ‘ಕಾರ್ನೆ’ ಎನ್ನುತ್ತಾರೆ. ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಬಗ್ಗೆ 1954ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಇದಕ್ಕೆ ಆಧಾರ. ಭಾರತದಲ್ಲಿ ಇದನ್ನು ಕೊಡುವುದು ಆರ್‌ಟಿಒ ಅಲ್ಲ, ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಆಟೋಮೊಬೈಲ್ ಸಂಘ. ಪುಸ್ತಕದ ಅವಧಿ ಒಂದು ವರ್ಷ.

ಅದು ಕೆಲಸ ಮಾಡುವ ರೀತಿ ಸರಳ. ಪ್ರತಿ ಹಾಳೆಯಲ್ಲಿ ಮೂರು ಭಾಗಗಳಿರುತ್ತವೆ. ದೇಶದ ಒಳಗೆ ಹೋಗುವಾಗ ಒಂದು ಭಾಗವನ್ನು ಅಲ್ಲಿನ ಕಸ್ಟಮ್ಸ್ ಹರಿದಿಟ್ಟುಕೊಳ್ಳುತ್ತದೆ. ಹೊರಬರುವಾಗ ಇನ್ನೊಂದನ್ನು ತೆಗೆದುಕೊಳ್ಳುತ್ತದೆ. ಎರಡೂ ಮೊಹರುಗಳಿರುವ ಮೂರನೆಯ ಭಾಗ ಪುಸ್ತಕದಲ್ಲೇ ಉಳಿಯುತ್ತದೆ. ಎರಡು ಮೊಹರು ಇದ್ದರೆ ಲೆಕ್ಕ ಚುಕ್ತಾ. ಒಳಬಂದ ಮೊಹರು ಇದ್ದು ಹೊರಹೋದ ಮೊಹರು ಇಲ್ಲವೆಂದರೆ, ಕಾರು ಆ ದೇಶದಲ್ಲೇ ಉಳಿದಿದೆ ಎಂದರ್ಥ. ಆಗ ಆ ದೇಶ ಸುಂಕ ಕೇಳುತ್ತದೆ. ಸಂಘ ಕಟ್ಟಿ, ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತದೆ.

ಅದಕ್ಕಾಗಿಯೇ ಕಾರ್ನೆ ಕೊಡುವ ಮೊದಲು ಸಂಘ ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಕೇಳುತ್ತದೆ. ಮೊತ್ತ ಎಷ್ಟೆಂಬುದು ಕಾರಿನ ಬೆಲೆ ಮತ್ತು ನೀವು ಹೋಗುವ ದೇಶಗಳ ಮೇಲೆ ನಿಂತಿದೆ. ಕೆಲವು ದೇಶಗಳಿಗೆ ಅದು ಕಾರಿನ ಬೆಲೆಯನ್ನೂ ಮೀರುತ್ತದೆ. ಬೆಲೆಯ ಎರಡು ಪಟ್ಟು ಕೇಳಿದರು ಎಂದುಕೊಳ್ಳಿ. ಹತ್ತು ಲಕ್ಷದ ಕಾರಿಗೆ 20 ಲಕ್ಷ ಸಾಕು, ಒಂದು ಕೋಟಿಯ ಸ್ಪೋರ್ಟ್ಸ್ ಕಾರಿಗೆ ಎರಡು ಕೋಟಿ ಬೇಕು. ದುಬಾರಿ ಕಾರಿಗೆ ಪೆಟ್ರೋಲ್ ಖರ್ಚು ಮಾತ್ರ ಹೆಚ್ಚಲ್ಲ, ಗಡಿಯ ಖಾತರಿಯೂ ಹೆಚ್ಚು.

ಎಲ್ಲ ದೇಶಗಳೂ ಕಾರ್ನೆ ಕೇಳುವುದಿಲ್ಲ. ಇರಾನ್, ಪಾಕಿಸ್ತಾನಗಳಿಗೆ ಬೇಕು. ಐರೋಪ್ಯ ಒಕ್ಕೂಟದಲ್ಲಿ ಹೊರಗಿನ ಪ್ರವಾಸಿಯ ಖಾಸಗಿ ಕಾರಿಗೆ ಆರು ತಿಂಗಳವರೆಗೆ ಸುಂಕದಿಂದ ವಿನಾಯಿತಿ ಇದೆ. ನೇಪಾಳಕ್ಕೆ ಹೋಗುವ ಭಾರತದ ಕಾರು ಗಡಿಯಲ್ಲಿ ‘ಭನ್ಸಾರ್’ ಎಂಬ ಶುಲ್ಕ ಕಟ್ಟಿ ಚೀಟಿ ಪಡೆದರೆ ಸಾಕು.

ಕಾರು ಅಲ್ಲೇ ಕೆಟ್ಟು ನಿಂತರೆ?

ಸಂದೇಶಗಳು ಮುಟ್ಟದ ಪ್ರಶ್ನೆ ಇದು. ನಿಜವಾದ ಅಪಾಯವೂ ಇಲ್ಲೇ ಇದೆ.

ನಮ್ಮೂರಲ್ಲಿ ಎಂಜಿನ್ ಸೀಜ್ ಆದರೆ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬಸ್ ಹತ್ತಿ ಮನೆಗೆ ಬರಬಹುದು. ತಾತ್ಕಾಲಿಕವಾಗಿ ಪರದೇಶಕ್ಕೆ ಒಯ್ದ ಕಾರಿನ ವಿಷಯ ಹಾಗಲ್ಲ. ಅದನ್ನು ಅಲ್ಲಿ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಸುಮ್ಮನೆ ಬಿಟ್ಟು ವಿಮಾನ ಹತ್ತುವಂತೆಯೂ ಇಲ್ಲ. ಗುಜರಿಗೆ ಹಾಕುವುದಕ್ಕೂ ಕಸ್ಟಮ್ಸ್ ಒಪ್ಪಿಗೆ, ಅವರ ಕಣ್ಣೆದುರೇ ನಾಶವಾದದ್ದಕ್ಕೆ ದಾಖಲೆ ಬೇಕು. ಕಾರು ಕಳವಾದರೆ ಪೊಲೀಸ್ ದೂರು ಕೊಟ್ಟ ಮಾತ್ರಕ್ಕೆ ಸುಂಕ ತಾನಾಗಿ ಮಾಫಿಯಾಗುವುದಿಲ್ಲ. ಇಲ್ಲವಾದರೆ ಕಾರೂ ಹೋಯಿತು, ಬ್ಯಾಂಕಿನಲ್ಲಿಟ್ಟ ಗ್ಯಾರಂಟಿಯೂ ಹೋಯಿತು.

ದುಬೈ ನಂಬರಿನ ಕಾರುಗಳ ಗುಟ್ಟು

ಕರಾವಳಿಯ ಕಡೆ, ಕೇರಳದಲ್ಲಿ ಗಲ್ಫ್ ನಂಬರ್ ಪ್ಲೇಟಿನ ದುಬಾರಿ ಕಾರು ಕಂಡರೆ ‘ಇವರಿಗೆ ಟ್ಯಾಕ್ಸೇ ಇಲ್ಲ’ ಎಂಬ ವಿಡಿಯೊ ಹೊರಡುತ್ತದೆ. ಅದೂ ಇದೇ ಏರ್ಪಾಡು, ದಿಕ್ಕು ಮಾತ್ರ ತಿರುಗಿದೆ. ಆ ಕಾರು ಕಾರ್ನೆ ಮೇಲೆ ಹಡಗಿನಲ್ಲಿ ಬಂದಿರುತ್ತದೆ. ಸುಂಕ ಮಾಫಿಯಾಗಿಲ್ಲ, ‘ವಾಪಸ್ ಒಯ್ಯುತ್ತೇನೆ’ ಎಂಬ ಖಾತರಿಯ ಮೇಲೆ ತಡೆದು ನಿಂತಿದೆ ಅಷ್ಟೆ. ಇಂಥ ವಾಹನಗಳಿಗೆಂದೇ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ನಿಯಮ ತಂದಿದೆ. ಅವುಗಳಲ್ಲಿ ಇಲ್ಲಿನ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ.

ಲೈಸೆನ್ಸ್, ವಿಮೆ, ಹೆಡ್‌ಲೈಟ್

ಲೈಸೆನ್ಸ್: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆರ್‌ಟಿಒದಲ್ಲಿ ಸಿಗುತ್ತದೆ, ಅವಧಿ ಒಂದು ವರ್ಷ. ‘ಹತ್ತು ವರ್ಷದ ಅಂತರರಾಷ್ಟ್ರೀಯ ಲೈಸೆನ್ಸ್ ಮನೆ ಬಾಗಿಲಿಗೆ’ ಎನ್ನುವ ಜಾಲತಾಣಗಳಿಗೆ ಹಣ ಕಟ್ಟಬೇಡಿ. ಚೀನಾ ಈ ಪರ್ಮಿಟನ್ನೂ ಒಪ್ಪುವುದಿಲ್ಲ. ಅಲ್ಲಿ ತಾತ್ಕಾಲಿಕ ಚೀನೀ ಲೈಸೆನ್ಸ್, ತಾತ್ಕಾಲಿಕ ನಂಬರ್ ಪ್ಲೇಟ್, ಜೊತೆಗೆ ಪ್ರವಾಸಿ ಸಂಸ್ಥೆಯ ಮಾರ್ಗದರ್ಶಿ ಬೇಕು.

ವಿಮೆ: ನಿಮ್ಮ ಕಾರಿನ ಪಾಲಿಸಿ ಭಾರತದ ಗಡಿಗೆ ನಿಲ್ಲುತ್ತದೆ. ಹೆಚ್ಚುವರಿ ಹಣ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಮಾಲ್ಡೀವ್ಸ್‌ಗೆ ವಿಸ್ತರಿಸಬಹುದು. ಅದರಾಚೆ ಪ್ರತಿ ದೇಶದ ಅಥವಾ ಪ್ರದೇಶದ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು.

ಹೆಡ್‌ಲೈಟ್: ಇದನ್ನು ಬಹಳ ಜನ ಮರೆಯುತ್ತಾರೆ. ಎಡಬದಿಯಲ್ಲಿ ಓಡುವ ನಮ್ಮ ಕಾರುಗಳ ಡಿಮ್ ಬೆಳಕು ಎಡಕ್ಕೆ ಸ್ವಲ್ಪ ಮೇಲೇಳುವಂತೆ ಇರುತ್ತದೆ, ರಸ್ತೆಯಂಚು ಕಾಣಲೆಂದು. ಬಲಬದಿಯಲ್ಲಿ ಓಡಿಸುವ ದೇಶದಲ್ಲಿ ಅದೇ ಬೆಳಕು ಎದುರಿನ ಚಾಲಕನ ಕಣ್ಣಿಗೆ ನೇರ ಹೊಡೆಯುತ್ತದೆ. ಗಾಜಿಗೆ ಅಂಟಿಸುವ ಬೀಮ್ ಸ್ಟಿಕ್ಕರ್ ಅಥವಾ ಕಾರಿನ ಸೆಟ್ಟಿಂಗ್ ಬದಲಾವಣೆ ಇದಕ್ಕೆ ಪರಿಹಾರ. ಹಿಂದುಗಡೆ ‘ಐಎನ್‌ಡಿ’ ಎಂಬ ದೇಶದ ಗುರುತೂ ಇರಬೇಕು.

ಸ್ಪೋರ್ಟ್ಸ್ ಕಾರಿಗೆ ಮಾತ್ರ ಬರುವ ಕಷ್ಟಗಳು

‘ಶಕ್ತಿಯುಳ್ಳ ಕಾರು, ಎಲ್ಲಿ ಬೇಕಾದರೂ ಹೋಗುತ್ತದೆ’ ಎಂಬುದು ಇನ್ನೊಂದು ನಂಬಿಕೆ. ದೂರದ ಪ್ರಯಾಣದಲ್ಲಿ ಶಕ್ತಿಗಿಂತ ಟೈರು, ಎತ್ತರ, ಇಂಧನ ಮುಖ್ಯ.

ಟೈರು: 245/35 ಎಂಬ ಅಳತೆಯ ಟೈರಿನ ಅಗಲ 245 ಮಿ.ಮೀ. ಪಕ್ಕದ ರಬ್ಬರಿನ ಎತ್ತರ ಅದರ ಶೇ. 35, ಅಂದರೆ ಸುಮಾರು 86 ಮಿ.ಮೀ. 165/80 ಅಳತೆಯ ಸಣ್ಣ ಕಾರಿನ ಟೈರಿನಲ್ಲಿ ಅದು 132 ಮಿ.ಮೀ. ಗುಂಡಿಗೆ ಬಿದ್ದಾಗ ಪೆಟ್ಟು ನುಂಗುವುದು ಈ ರಬ್ಬರೇ. ಅದು ಕಡಿಮೆಯಾದಷ್ಟೂ ಪೆಟ್ಟು ರಿಮ್‌ಗೆ ತಗಲುತ್ತದೆ. ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಮುಚ್ಚುವ ದ್ರವದ ಡಬ್ಬಿ ಇರುತ್ತದೆ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಟೈರಿನ ಪಕ್ಕ ಸೀಳಿದರೆ ಪ್ರಯೋಜನವಿಲ್ಲ.

ಇಂಧನ: ಇಂಥ ಎಂಜಿನ್‌ಗಳು ಸಾಮಾನ್ಯವಾಗಿ 95 ಅಥವಾ 98 ಆಕ್ಟೇನ್ ಕೇಳುತ್ತವೆ. ಆಕ್ಟೇನ್ ಎಂದರೆ ಶಕ್ತಿಯ ಅಳತೆಯಲ್ಲ. ಒತ್ತಡದಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಉರಿಯದೆ ತಡೆದುಕೊಳ್ಳುವ ಗುಣದ ಅಳತೆ. ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ‘ನಾಕ್’ ಆಗುತ್ತದೆ. ಸೆನ್ಸರ್ ಅದನ್ನು ಕಂಡು ಶಕ್ತಿ ತಗ್ಗಿಸುತ್ತದೆಯಾದರೂ ಅದಕ್ಕೂ ಮಿತಿಯಿದೆ. ಮಧ್ಯ ಏಷ್ಯಾದ ಸಣ್ಣ ಊರುಗಳಲ್ಲಿ 92 ಅಥವಾ ಅದಕ್ಕಿಂತ ಕೆಳಗಿನ ಪೆಟ್ರೋಲ್ ಮಾತ್ರ ಸಿಗುವುದುಂಟು.

ಎತ್ತರ: ಚೀನಾ–ಕಿರ್ಗಿಸ್ತಾನ್ ನಡುವಿನ ತೊರುಗಾರ್ತ್ ಕಣಿವೆ ದಾರಿ 3,752 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಚಾಲಕನ ತಲೆನೋವು ಬೇರೆ.

1968ರಲ್ಲಿ ಹಿಲ್ಮನ್ ಹಂಟರ್ ಗೆದ್ದದ್ದು ಯಾಕೆ ಎಂದು ಈಗ ಊಹಿಸಬಹುದು. ದೂರದ ದಾರಿಯಲ್ಲಿ ವೇಗಕ್ಕಿಂತ ಬಾಳಿಕೆ ದೊಡ್ಡದು.

ಹಾಗಾದರೆ ದಾರಿ ಯಾವುದು?

ಭೂಪಟದಲ್ಲಿ ಗೆರೆ ಎಳೆಯುವುದು ಸುಲಭ, ಗಡಿ ತೆರೆದಿರಬೇಕಲ್ಲ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಅಟ್ಟಾರಿ ಗಡಿ ಮುಚ್ಚಿತು. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿಗೆ ಹೋಗುವ ದಾರಿ 2021ರ ಸೇನಾ ದಂಗೆಯ ನಂತರ ಪ್ರವಾಸಿಗರ ಕೈತಪ್ಪಿತು. ನೇಪಾಳದ ರಸುವಾಗಢಿಯಿಂದ ಟಿಬೆಟ್‌ಗೆ ದಾಟಿಸುತ್ತಿದ್ದ ಸೇತುವೆ 2025ರ ಜುಲೈನ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹಾಗಾಗಿ ಹಲವರು ಮುಂಬೈಯಂಥ ಬಂದರಿನಿಂದ ಕಾರನ್ನು ಕಂಟೇನರಿನಲ್ಲಿ ಗಲ್ಫ್‌ಗೋ ಯುರೋಪಿಗೋ ಕಳಿಸಿ, ತಾವು ವಿಮಾನದಲ್ಲಿ ಹೋಗಿ, ಅಲ್ಲಿಂದ ಓಡಿಸುತ್ತಾರೆ. ತಗ್ಗಿನ ಸ್ಪೋರ್ಟ್ಸ್ ಕಾರಿಗೆ, ಒಳ್ಳೆಯ ರಸ್ತೆಗಳ ಯುರೋಪಿನ ಮಟ್ಟಿಗೆ, ಇದೇ ಜಾಣತನ.

ಫಾರ್ವರ್ಡ್ ಮಾಡುವ ಮುನ್ನ

ಯಾರಾದರೂ ‘ವೀಸಾ ಇದ್ದರೆ ಸಾಕು, ಉಳಿದದ್ದು ನಾವು ನೋಡ್ಕೋತೀವಿ’ ಎಂದು ಮುಂಗಡ ಕೇಳಿದರೆ ನಾಲ್ಕು ಪ್ರಶ್ನೆ ಕೇಳಿ:

1. ಕಾರ್ನೆ ಯಾರ ಹೆಸರಿನಲ್ಲಿ, ಅದರ ಗ್ಯಾರಂಟಿ ಹಣ ಯಾರದು?
2. ಯಾವ ಗಡಿಯಲ್ಲಿ ದಾಟುತ್ತೇವೆ, ಅದು ಈ ತಿಂಗಳು ಖಾಸಗಿ ವಾಹನಕ್ಕೆ ತೆರೆದಿದೆಯೇ?
3. ಪ್ರತಿ ದೇಶದ ವಿಮೆ ಎಲ್ಲಿ ಸಿಗುತ್ತದೆ?
4. ಕಾರು ಕೆಟ್ಟರೆ ಅದನ್ನು ಆ ದೇಶದಿಂದ ಹೊರಗೆ ತರುವವರು ಯಾರು, ಖರ್ಚು ಯಾರದು?

ನಾಲ್ಕಕ್ಕೂ ಬರಹದಲ್ಲಿ ಉತ್ತರ ಸಿಗದಿದ್ದರೆ ಹಣ ಕೊಡಬೇಡಿ. ಸ್ವಂತ ಕಾರಿನಲ್ಲಿ ಲಂಡನ್ ನೋಡುವ ಕನಸಿನಲ್ಲಿ ತಪ್ಪೇನಿಲ್ಲ. ಆದರೆ ಕಾರನ್ನು ಅಲ್ಲಿಗೆ ಒಯ್ಯುವುದು ಅರ್ಧ ಕೆಲಸ. ಪ್ರತಿ ದೇಶದಿಂದಲೂ ‘ಹೊರಹೋಯಿತು’ ಎಂಬ ಮೊಹರು ಹಾಕಿಸಿಕೊಂಡು ಅದನ್ನು ಮನೆಗೆ ತಂದಾಗಲೇ ಪ್ರವಾಸ ಮುಗಿದಂತೆ. ಆ ಚಂದದ ಫೋಟೊ ಮುಂದಿನ ಸಲ ಬಂದಾಗ, ಈ ಮಾತನ್ನೂ ಜೊತೆಗೆ ಕಳಿಸಿ.